ಕಕ್ಕಸಿನಲ್ಲಿ ಗೂಬೆ

ಕಕ್ಕಸಿನ ಗುಂಡಿಯನ್ನು ಫಿನಾಯಿಲಮ್ಮ ಒಬ್ಬಳೇ ತೋಡಿದಳು. ಒಂಬತ್ತು ಅಡಿ ಆಳ. ಹದಿಮೂರು ಭಾನುವಾರ ಹಿಡಿಯಿತು. ಮೊದಲ ಮೂರು ಅಡಿ ಮಣ್ಣು, ಆಮೇಲೆ ಬರೀ ಕಲ್ಲು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತೇ ಹೊರತು ಮಣ್ಣು ಬರುತ್ತಿರಲಿಲ್ಲ. ಅಂಗೈಯ ಚರ್ಮ ಎರಡು ಸಲ ಸುಲಿಯಿತು. ಮೂರನೇ ಸಲ ಬೆಳೆದದ್ದು ಚರ್ಮವೋ ಚಪ್ಪಲಿಯೋ ಅವಳಿಗೇ ಗೊತ್ತಾಗಲಿಲ್ಲ. ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಅವಳ ಅತ್ತೆ ಕೂತಿರುತ್ತಿದ್ದಳು. ಮಣ್ಣು ತುಂಬಿದ ಬಕೆಟ್ಟಿನ ಹಗ್ಗ ಎಳೆಯುವ ಕೆಲಸ ಅತ್ತೆಯದು. ಎಳೆದದ್ದಕ್ಕಿಂತ ಬೈದದ್ದೇ ಹೆಚ್ಚು.

"ಇನ್ನೂ ಎಷ್ಟು ತೋಡ್ತೀಯೇ? ನಾನೇನು ಆನೇನಾ?"

"ನೀವೊಬ್ರೇ ಅಲ್ಲ ಅತ್ತೆ, ನಾನೂ ಹೋಗ್ಬೇಕು."

"ಹಾಗಾದ್ರೆ ತೋಡು."

ಫಿನಾಯಿಲಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವಳು ಅಪರೂಪ ಜೀವಿಗಳ ರಕ್ಷಣಾ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ಕಸ ಗುಡಿಸಿ, ನೆಲ ಒರೆಸಿ, ಕಕ್ಕಸು ತೊಳೆಯುತ್ತಿದ್ದಳು. ಅವಳಿಗಿಂತ ಮುಂಚೆ ಅವಳ ವಾಸನೆ ಬರುತ್ತಿತ್ತು. "ಫಿನಾಯಿಲು ಬಂತು" ಎಂದು ಹೆಡ್ ಗುಮಾಸ್ತ ಮೂಗು ಮುಚ್ಚಿಕೊಳ್ಳುತ್ತಿದ್ದ. ಸ್ವಲ್ಪ ಮರ್ಯಾದಸ್ಥರು ಕೊನೆಗೊಂದು 'ಅಮ್ಮ' ಸೇರಿಸಿದರು.

ಆ ಕಚೇರಿಯ ಹಿಂಭಾಗದಲ್ಲಿ ಸಾಲಾಗಿ ಆರು ಕಕ್ಕಸು. ಐದು ಸಿಬ್ಬಂದಿಗೆ, ಒಂದು ಸಾಹೇಬರಿಗೆ. ಆರನ್ನೂ ಅವಳು ದಿನಕ್ಕೆ ಎರಡು ಸಲ ಮಂಡಿಯೂರಿ ಉಜ್ಜಬೇಕು. ಆದರೆ ಅವುಗಳಲ್ಲಿ ಒಂದಕ್ಕೂ ಹೋಗುವಂತಿಲ್ಲ. ಅವಳು ಸಿಬ್ಬಂದಿಯಲ್ಲ, ಕಂಟ್ರಾಕ್ಟರನ ಆಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ತಡೆಯಲಾರದೆ ಒಳಗೆ ಹೋಗಿ ಬಂದಿದ್ದಳು. ಗುಮಾಸ್ತ ಎಲ್ಲರೆದುರು ಹೇಳಿದ್ದ: "ನೀನು ಒಳಗೆ ಹೋಗೋದು ತೊಳೆಯೋಕೆ. ಕೂರೋಕಲ್ಲ." ನಲವತ್ತು ಜನ ನಕ್ಕರು. ಅಂದಿನಿಂದ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಅವಳು ಒಂದು ಗುಟುಕು ನೀರು ಕುಡಿಯಲಿಲ್ಲ. ಮನೆಗೆ ಹೋದರೆ ಅಲ್ಲಿಯೂ ಕಕ್ಕಸಿಲ್ಲ. ಹನ್ನೊಂದು ಮನೆಗಳ ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಹಿಂದಿನ ಮುಳ್ಳುಪೊದೆಗಳೇ ಗತಿ. ಆ ಪೊದೆಗಳಿಗೂ ಬಂಗಲೆ ಧಣಿ ಬೇಲಿ ಹಾಕಿಸಿದ. ಅಲ್ಲಿಂದಾಚೆಗೆ ಅವನ ಜಮೀನು ಎಷ್ಟು ದೂರ ಹೋಗುತ್ತದೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಪೊದೆ ಹೋದ ಮೇಲೆ ಹೆಂಗಸರು ಅರ್ಧ ಮೈಲಿ ದೂರದ ಹಳ್ಳಕ್ಕೆ ಹೋಗತೊಡಗಿದರು. ಅತ್ತೆಯ ಮಂಡಿ ಆಗಲೇ ಕೈಕೊಟ್ಟಿತ್ತು. ಗುಂಡಿ ತೋಡಲು ಶುರು ಮಾಡಿದ್ದು ಆವಾಗ.

ಅತ್ತೆಗೆ ಕುಕ್ಕರಗಾಲಿನಲ್ಲಿ ಕೂರಲು ಆಗದು, ಕಮೋಡೇ ಬೇಕು. ಅದೂ ಒದಗಿತು. ಸಾಹೇಬರ ಕಮೋಡು ಬಿರುಕುಬಿಟ್ಟಿತೆಂದು ಕಚೇರಿಯವರು ಕಿತ್ತು ಹೊರಗೆಸೆದಿದ್ದರು. ಫಿನಾಯಿಲಮ್ಮ ಬಟ್ಟೆಯ ಸಿಂಬೆ ಸುತ್ತಿ ಅದನ್ನು ತಲೆ ಮೇಲೆ ಹೊತ್ತುಕೊಂಡು ಮೂರು ಮೈಲಿ ನಡೆದಳು. ದಾರಿಯಲ್ಲಿ ಪೊಲೀಸಿನವನೊಬ್ಬ ತಡೆದು, "ಎಲ್ಲಿಂದ ಕದ್ದೆ?" ಎಂದ.

"ಸಾಹೇಬ್ರದ್ದು ಸಾರ್. ಬೇಕಾದ್ರೆ ಮೂಸಿ ನೋಡಿ."

ಅವನು ದಾರಿ ಬಿಟ್ಟ.

ಅವಳು ಗೋಡೆ ಕಟ್ಟಿಸುತ್ತಿದ್ದ ದಿನಗಳಲ್ಲೇ ಬಂಗಲೆ ಧಣಿ ಕಚೇರಿಗೆ ಬಂದ. ಆ ತಿಂಗಳ ಕೊನೆಗೆ ಅಪರೂಪದ ಜೀವಿಗಳ ಎಣಿಕೆ ಶುರುವಾಗುವುದಿತ್ತು. ಧಣಿಗೆ ತನ್ನ ಜಮೀನಿನಲ್ಲಿ ಪ್ರವಾಸಿಗರಿಗೆ ಬಂಗಲೆಗಳನ್ನು ಕಟ್ಟಿಸುವ ಆಸೆ. ಫಿನಾಯಿಲಮ್ಮ ಸಾಹೇಬರ ಕೋಣೆಯಲ್ಲಿ ನೆಲ ಒರೆಸುತ್ತಿದ್ದಳು. ನೆಲ ಒರೆಸುವವರಿಗೆ ಕಿವಿ ಇರುತ್ತದೆ ಎಂದು ದೊಡ್ಡವರಿಗೆ ಹೊಳೆಯುವುದಿಲ್ಲ.

"ನನ್ನ ನೆಲ, ನನ್ನ ಮರ. ಅದು ನನ್ನ ಹಕ್ಕು" ಎಂದ ಧಣಿ. "ನಾಳೆ ನನ್ನ ಮರದಲ್ಲಿ ಒಂದು ಗೂಬೆ ಸಿಕ್ತು ಅಂತಿಟ್ಕೊಳ್ಳಿ. ಆಮೇಲೆ ಜಮೀನು ನನ್ನದಲ್ಲ, ಗೂಬೇದು. ಹೌದೋ ಅಲ್ವೋ?"

"ಕಾನೂನು ಹಾಗೇ ಇದೆ ಧಣಿ" ಎಂದರು ಸಾಹೇಬರು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು: "ಆದ್ರೆ ಮರಾನೇ ಇಲ್ದಿದ್ರೆ ಎಣಿಸೋಕೆ ಏನಿರುತ್ತೆ?"

"ಕಾಲೆತ್ತಿ ಸಾರ್" ಎಂದಳು ಫಿನಾಯಿಲಮ್ಮ.

ಇಬ್ಬರೂ ಕಾಲೆತ್ತಿದರು. ಅವಳು ಒರೆಸಿಕೊಂಡು ಹೊರಗೆ ಬಂದಳು.

ಮರುದಿನವೇ ಬೇಲಿಯಾಚೆ ಗರಗಸದ ಮಿಷನ್ನು ಕೂಗತೊಡಗಿತು. ಹನ್ನೊಂದು ದಿನದಲ್ಲಿ ನೂರ ನಲವತ್ತು ಮರ. ಮೂರು ಜನ ತಬ್ಬಿದರೂ ಕೈಗೆ ಕೈ ಸಿಗದಂಥ ಮರಗಳು. ಬುಡಗಳ ಮೇಲೆ ಮಣ್ಣೆಳೆದು, ಹುಲ್ಲಿನ ಹಾಸನ್ನು ಸುರುಳಿ ಬಿಚ್ಚಿ ಹೊದಿಸಿದರು. ಎಣಿಸುವವರು ಬಂದು, ಧಣಿಯ ಮನೆಯಲ್ಲಿ ಊಟ ಮಾಡಿ, 'ಏನೂ ಇಲ್ಲ' ಎಂದು ಬರೆದುಕೊಂಡು ಹೋದರು.

ಇತ್ತ ಕಕ್ಕಸಿಗೆ ಗೋಡೆಯಾಯಿತು, ತಗಡಾಯಿತು. ಬಡಗಿ ಬಾಗಿಲು ತರಲು ತಿಂಗಳು ಸತಾಯಿಸಿದ. ಅಲ್ಲಿಯವರೆಗೆ ಗೋಣಿತಾಟು ಇಳಿಬಿಟ್ಟಿದ್ದರು. "ಬಾಗಿಲಿಲ್ಲದ ಕಕ್ಕಸಿಗೆ ನಾನು ಕಾಲಿಡಲ್ಲ" ಎಂದು ಅತ್ತೆ ಹಠ ಹಿಡಿದಳು. ಅತ್ತೆ ಹೋಗುವ ಮುಂಚೆ ಸೊಸೆಯೂ ಹೋಗಲಿಲ್ಲ. ಕೊನೆಗೊಂದು ಭಾನುವಾರ ಬಡಗಿ ಬಂದು, ಡಬಡಬ ಬಡಿದು, ಬಾಗಿಲು ನಿಲ್ಲಿಸಿ ಹೋದ. ಅತ್ತೆ ಚೆಂಬು ಹಿಡಿದು ಹೊರಟಳು. ಸಾಲುಮನೆಯ ಹೆಂಗಸರೆಲ್ಲ ಅಂಗಳದಲ್ಲಿ ನಿಂತಿದ್ದರು. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಆಮೇಲೆ ಚೆಂಬು ಬಿದ್ದ ಸದ್ದು.

"ಥೂ! ಯಾರೇ ಅದು?"

ಬಾಗಿಲು ಧಡಾರನೆ ತೆರೆಯಿತು. ಅತ್ತೆ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದುಕೊಂಡು ಹೊರಗೆ ಬಂದಳು. ಮಂಡಿನೋವು ನೆನಪಿಗೇ ಬಂದಿರಲಿಲ್ಲ.

"ಒಳಗೆ ಯಾರೋ ಮೇಲೆ ಕೂತು ನನ್ನನ್ನೇ ನೋಡ್ತಿದಾರೆ ಕಣೇ! ದುಂಡು ಮುಖ. ಕನ್ನಡಕ ಬೇರೆ!"

ಫಿನಾಯಿಲಮ್ಮ ಬಗ್ಗಿ ಒಳಗೆ ನೋಡಿದಳು. ಬಾಗಿಲ ಮೇಲ್ಗಡೆ, ಗಾಳಿಗೆಂದು ಬಿಟ್ಟಿದ್ದ ಕಿಂಡಿಯ ಪಕ್ಕ, ಪೊರಕೆ ಇಡಲೆಂದು ಕಟ್ಟಿಸಿದ್ದ ಹಲಗೆಯ ಮೇಲೆ ಒಂದು ಗೂಬೆ. ಮೈಯೆಲ್ಲ ತುಕ್ಕಿನ ಬಣ್ಣ. ಹೊಟ್ಟೆಯಡಿ ನಾಲ್ಕು ಬಿಳಿ ಮೊಟ್ಟೆ. ಬಡಗಿಯ ಅಷ್ಟು ಸುತ್ತಿಗೆ ಪೆಟ್ಟಿಗೂ ಅದು ಕದಲಿರಲಿಲ್ಲ. ಅವಳಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಹದಿನಾಲ್ಕು ವರ್ಷ ದಿನಾ ಧೂಳು ಹೊಡೆದ ಕಚೇರಿಯ ಚಿತ್ರಪಟದಲ್ಲಿ ಮೊದಲನೇ ನಂಬರಿನದೇ ಇದು. ತುಕ್ಕುಗೂಬೆ. ಚಿತ್ರದ ಕೆಳಗೆ ಬರೆದಿತ್ತು: 'ಕಂಡರೆ ತಿಳಿಸಿ. ನಾವು ನೆರವಾಗುತ್ತೇವೆ.'

"ಪೊರಕೇಲಿ ಒಂದು ಕೊಡು, ಹೋಗುತ್ತೆ" ಎಂದಳು ಪಕ್ಕದ ಮನೆಯವಳು.

"ಮೊಟ್ಟೆ ಮೇಲೆ ಕೂತಿರೋ ಹೆಂಗಸನ್ನ ಹೇಗೆ ಎಬ್ಬಿಸ್ಲೇ?" ಎಂದಳು ಫಿನಾಯಿಲಮ್ಮ.

ಸೋಮವಾರ ಕಚೇರಿಯಲ್ಲಿ ತಿಳಿಸಿದಳು. ಅದೇ ಅವಳು ಮಾಡಿದ ತಪ್ಪು.

ಗುಮಾಸ್ತ ತಲೆ ಎತ್ತದೆ, "ಆಮೇಲೆ ನೋಡೋಣ" ಎಂದ. ಒಳಗಿನಿಂದ ಸಾಹೇಬರು ಕೇಳಿಸಿಕೊಂಡು ಓಡಿ ಬಂದರು. ಇಷ್ಟು ವರ್ಷ ರಕ್ಷಣೆ ಮಾಡುತ್ತಿದ್ದರೂ ಆ ಪಟ್ಟಿಯಲ್ಲಿನ ಒಂದು ಜೀವಿಯನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಎರಡು ಜೀಪುಗಳಲ್ಲಿ ಜನ ಬಂದರು. ಸಾಹೇಬರು ಶೂ ಬಿಚ್ಚಿ ತುದಿಗಾಲಲ್ಲಿ ಕಕ್ಕಸಿನ ಒಳಗೆ ಹೋದರು. ಹೊರಗೆ ಬಂದಾಗ ಕಣ್ಣಲ್ಲಿ ನೀರು. "ನಾಲ್ಕು ಮೊಟ್ಟೆ!" ಎಂದು ಗುಮಾಸ್ತನನ್ನು ತಬ್ಬಿಕೊಂಡರು. ಹದಿಮೂರು ಭಾನುವಾರ ಗುಂಡಿ ತೋಡಿದವಳು ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ, "ಸ್ವಲ್ಪ ಆಚೆ ನಿಲ್ಲಮ್ಮ, ನೆರಳು ಬೀಳ್ತಿದೆ" ಎಂದರು.

ಗುಮಾಸ್ತ ಟೇಪು ಹಿಡಿದು ಅಳೆದ. ಕಕ್ಕಸಿನ ಸುತ್ತ ಮೂವತ್ತು ಮೀಟರು. ಟೇಪು ಅವಳ ಅಡಿಗೆಮನೆ ಹಾದು, ಅತ್ತೆಯ ಮಂಚದ ಮೇಲೆ ಹರಿದು, ಪಕ್ಕದ ಮೂರು ಮನೆಗಳನ್ನು ನುಂಗಿತು. ಬೇಲಿಯ ಹತ್ತಿರ ಬಂದಾಗ ನಿಂತಿತು. ಬೇಲಿಯಾಚೆ ಧಣಿಯ ಖಾಸಗಿ ಜಾಗ, ಅಲ್ಲಿ ಏನೂ ಇಲ್ಲವೆಂದು ಆಗಲೇ ಬರೆದಾಗಿದೆ. ಗುಮಾಸ್ತ ಕಕ್ಕಸಿನ ಬಾಗಿಲಿಗೆ ನೋಟಿಸು ಅಂಟಿಸಿ ಓದಿದ. ಮರಿಗಳು ಹಾರುವ ತನಕ, ಅಂದರೆ ಮೂರು ತಿಂಗಳು, ಯಾರೂ ಈ ಬಾಗಿಲು ತೆರೆಯಬಾರದು. ತೆರೆದರೆ ಮೂರು ವರ್ಷ ಸಜೆ. ಮನೆಗಳಲ್ಲಿ ವಾಸ ಮಾಡಬಹುದು. ಆದರೆ ಹೊಗೆ ಹಾಕಬಾರದು, ಬಟ್ಟೆ ಬಡಿದು ಒಗೆಯಬಾರದು, ಜಗಳವಾಡಬಾರದು. ಕೆಮ್ಮುವವರು ಮೂವತ್ತು ಮೀಟರು ಆಚೆ ಹೋಗಿ ಕೆಮ್ಮಬೇಕು.

"ಏನಪ್ಪಾ," ಎಂದಳು ಅತ್ತೆ, "ಕೆಮ್ಮು ಬಂದ್ಮೇಲೆ ಹೋಗ್ಬೇಕಾ, ಬರೋಕೆ ಮುಂಚೇನೇ ಹೋಗಿ ನಿಂತಿರ್ಬೇಕಾ?"

ಗುಮಾಸ್ತ ಬಾಗಿಲಿನ ನೋಟಿಸನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದಿದ. ಅದರಲ್ಲಿ ಅದಿರಲಿಲ್ಲ.

"ಸಾರ್, ಇದು ನಮ್ಮ ಜಾಗ. ಅತ್ತೆ ಹೆಸರಿಗೆ ಪತ್ರ ಇದೆ" ಎಂದಳು ಫಿನಾಯಿಲಮ್ಮ.

"ಜಾಗ ನಿನ್ನದೇ. ಯಾರು ಬೇಡ ಅಂದ್ರು?" ಎಂದರು ಸಾಹೇಬರು. "ಗೂಬೆ ಮಾತ್ರ ಸರ್ಕಾರದ್ದು."

"ಹಾಗಾದ್ರೆ ಸರ್ಕಾರದ ಜಾಗಕ್ಕೆ ಕರ್ಕೊಂಡು ಹೋಗಿ ಸಾರ್."

"ಮುಟ್ಟಿದ್ರೆ ಮೊಟ್ಟೆ ಬಿಟ್ಟು ಹೋಗಿಬಿಡುತ್ತೆ. ನಿನಗೆ ಇದೆಲ್ಲ ಅರ್ಥ ಆಗಲ್ಲ."

"ಇದು ಧಣಿಯವರ ಮರದ ಗೂಬೆ ಸಾರ್. ಮರ ಕಡಿದದ್ದಕ್ಕೆ ಇಲ್ಲಿಗೆ ಬಂದಿದೆ."

ಸಾಹೇಬರ ಮುಖ ಬಿಗಿಯಿತು. "ನೋಡು, ದೊಡ್ಡವರ ಮೇಲೆ ಸುಮ್ಮಸುಮ್ಮನೆ ಗೂಬೆ ಕೂರಿಸ್ಬೇಡ."

"ನಾನೆಲ್ಲಿ ಕೂರಿಸಿದೆ ಸಾರ್? ಅವರದೇ ಬಂದು ನಮ್ಮ ಕಕ್ಕಸಲ್ಲಿ ಕೂತಿದೆ."

ಸಾಲುಮನೆಯ ಹೆಂಗಸರು ನಕ್ಕರು. ಜಗಳವಾಡಬಾರದೆಂದಿತ್ತು, ನಗಬಾರದೆಂದು ಬರೆದಿರಲಿಲ್ಲ. ಆದರೂ ಗುಮಾಸ್ತ "ಶ್‌ಶ್" ಎಂದ.

ಎರಡು ದಿನ ಬಿಟ್ಟು ಧಣಿಯೇ ಬಂದು ಒಂದು ದೊಡ್ಡ ಫಲಕ ನೆಡಿಸಿದ. 'ತುಕ್ಕುಗೂಬೆಯ ತಂಗುದಾಣ' ಎಂದು ಮೇಲೆ ಸಣ್ಣದಾಗಿ, ಕೆಳಗೆ ಅವನ ಹೆಸರು ದಪ್ಪವಾಗಿ. ಸಾಹೇಬರು ಅವನ ಕೈ ಕುಲುಕಿದರು. ಪತ್ರಿಕೆಯವರು ಫೋಟೋ ತೆಗೆದರು. ಫೋಟೋದಲ್ಲಿ ಅತ್ತೆಯೂ ಇದ್ದಳು, ಧಣಿಯ ಹಿಂದೆ ಅರ್ಧ ಮುಖ. ಬಾಯಿ ತೆರೆದಿತ್ತು. ಅವಳು ಆಗ ಏನು ಹೇಳುತ್ತಿದ್ದಳೆಂಬುದು ಪತ್ರಿಕೆಯಲ್ಲಿ ಬರಲಿಲ್ಲ. ಬರುವಂಥದ್ದೂ ಆಗಿರಲಿಲ್ಲ.

ಮತ್ತೆ ಹಳ್ಳವೇ ಗತಿಯಾಯಿತು. ಬೆಳಕು ಹರಿಯುವ ಹೊತ್ತಿಗೆ ಸೊಸೆಯ ಹೆಗಲು ಹಿಡಿದು ಅತ್ತೆ ಅರ್ಧ ಮೈಲಿ ನಡೆಯಬೇಕು. ಸೊಸೆ ಕಂಕುಳಿಗೆ ಕೈಕೊಟ್ಟು ಹಿಡಿದು ನಿಲ್ಲಬೇಕು, ಅತ್ತೆ ಅರೆನಿಂತು ಮುಗಿಸಬೇಕು. ಎಪ್ಪತ್ತೆರಡು ವರ್ಷದವಳು. ಮೇಲಿನ ರಸ್ತೆಯಲ್ಲಿ ಬಸ್ಸು ಹೋದರೆ ಇಬ್ಬರೂ ಮುಖ ಮುಚ್ಚಿಕೊಳ್ಳುತ್ತಿದ್ದರು. ಮುಖವೊಂದನ್ನು ಮುಚ್ಚಿಕೊಂಡರೆ ಉಳಿದದ್ದು ಯಾರದೆಂದು ಯಾರಿಗೂ ತಿಳಿಯುವುದಿಲ್ಲ ಎಂಬುದು ಅತ್ತೆಯ ವಾದ.

ಐದನೇ ವಾರ ಅತ್ತೆ ಜಾರಿದಳು. ಹಳ್ಳದ ಏರಿಯಿಂದ ಕೆಳಗಿನ ತನಕ, ಎಲ್ಲರ ಹೊಲಸಿನ ಮೇಲೆ ಹಾದು. ಮೂಳೆ ಮುರಿಯಲಿಲ್ಲ, ಪಾದ ಉಳುಕಿ ಕುಂಬಳಕಾಯಿಯಾಯಿತು. ಫಿನಾಯಿಲಮ್ಮ ಅವಳನ್ನು ಬೆನ್ನ ಮೇಲೆ ಹೊತ್ತು ತಂದಳು. ದಿನವೂ ದಾರಿಯುದ್ದಕ್ಕೂ ಬೈಯುತ್ತಿದ್ದ ಅತ್ತೆ ಆವತ್ತು ಮಾತೇ ಆಡಲಿಲ್ಲ. ಮನೆ ಹತ್ತಿರ ಬಂದಾಗ, ನೋಟಿಸು ಅಂಟಿಸಿದ ಬಾಗಿಲು ನೋಡಿ ಸೊಸೆಯ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು:

"ಸಾಯೋದ್ರೊಳಗೆ ಒಂದು ಸಲ ಬಾಗಿಲು ಹಾಕ್ಕೊಂಡು ಕೂರ್ಬೇಕು ಅಂತಿದ್ದೆ ಕಣೇ."

ಫಿನಾಯಿಲಮ್ಮ ಅತ್ತೆಗೆ ಬಿಸಿನೀರು ಹಾಕಿ, ಬಟ್ಟೆ ಉಡಿಸಿ, ಕಚೇರಿಗೆ ಹೋಗಿ ಸೀದಾ ಸಾಹೇಬರೆದುರು ನಿಂತಳು.

"ಸಾರ್, ಅತ್ತೇನ ದಿನಕ್ಕೊಂದು ಸಲ ಆಟೋದಲ್ಲಿ ಇಲ್ಲಿಗೆ ಕರ್ಕೊಂಡು ಬರ್ತೀನಿ. ಹಿಂದಿನ ಕಕ್ಕಸಿಗೆ ಹೋಗಿ ಬರ್ಲಿ. ನಾನೇ ತೊಳೀತೀನಿ."

"ಅದು ಸಿಬ್ಬಂದಿಗೆ ಮಾತ್ರ ಕಣಮ್ಮ. ನಿನ್ನ ಅತ್ತೆಗೆ ಬಿಟ್ರೆ ನಾಳೆ ಊರಿಗೆ ಊರೇ ಬರುತ್ತೆ." ಸಾಹೇಬರು ಒಳ್ಳೆಯ ದನಿಯಲ್ಲೇ ಹೇಳಿದರು. "ಸ್ವಲ್ಪ ದೊಡ್ಡ ಮನಸ್ಸು ಮಾಡು. ಮನುಷ್ಯರು ಲೆಕ್ಕವಿಲ್ಲದಷ್ಟು ಇದಾರೆ. ತುಕ್ಕುಗೂಬೆ ಎಷ್ಟಿವೆ ಹೇಳು?"

"ನಮ್ಮತ್ತೇನೂ ಒಬ್ರೇ ಸಾರ್ ಇರೋದು."

ಸಾಹೇಬರು ನಕ್ಕರು. "ಹೋಗು, ನನ್ನ ಬಾತ್‌ರೂಮು ವಾಸನೆ ಹೊಡೀತಿದೆ. ನಾಳಿದ್ದು ಧಣಿ ಬರ್ತಾರೆ. ಚೆನ್ನಾಗಿ ತಿಕ್ಕು."

ಅವಳು ಹೋಗಿ ಮಂಡಿಯೂರಿ ತಿಕ್ಕಿದಳು. ಬಿಳಿ ಕಲ್ಲಿನಲ್ಲಿ ತನ್ನ ಮುಖ ಕಾಣುವವರೆಗೆ ತಿಕ್ಕಿದಳು. ಬೆನ್ನು ನೆಟ್ಟಗೆ ಮಾಡಿ ಮೇಲೆ ನೋಡಿದಾಗ ಗವಾಕ್ಷಿಯ ಮೂಲೆಯಲ್ಲಿ ಒಂದು ಬಾವಲಿ ನೇತಾಡುತ್ತಿತ್ತು. ಮುಷ್ಟಿಯಷ್ಟು ದೊಡ್ಡದು. ವಾರಕ್ಕೊಮ್ಮೆ ಅದನ್ನು ಪೊರಕೆಯಿಂದ ಓಡಿಸುವುದೂ ಅವಳ ಕೆಲಸವೇ. ಅಭ್ಯಾಸಬಲದಿಂದ ಪೊರಕೆ ಎತ್ತಿದಳು. ಎತ್ತಿದ್ದನ್ನು ಇಳಿಸಿದಳು.

ಚಿತ್ರಪಟದಲ್ಲಿ ಹದಿನೇಳನೇ ನಂಬರು: ಉದ್ದಕಿವಿ ಬಾವಲಿ. ಇದರ ಕಿವಿ ಉದ್ದವೋ ಗಿಡ್ಡವೋ ಅವಳಿಗೆ ಗೊತ್ತಿರಲಿಲ್ಲ. ಅದು ತಲೆಕೆಳಗಾಗಿತ್ತು, ಅಳೆಯಲು ಅವಳ ಹತ್ತಿರ ಟೇಪಿರಲಿಲ್ಲ. ಅನುಮಾನ ಬಂದರೆ ಸಾಕು, ತಜ್ಞರು ಬಂದು ನೋಡುವವರೆಗೆ ಯಾರೂ ಬಾಗಿಲು ತೆರೆಯಬಾರದು ಎಂಬುದು ಮಾತ್ರ ಅವಳಿಗೆ ಬಾಯಿಪಾಠವಾಗಿತ್ತು. ಅವಳ ಮನೆಯ ನೋಟಿಸಿನಲ್ಲೇ ಬರೆದಿತ್ತು. ಅವಳು ಓದು ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೆ ಐದು ವಾರ ಒಂದೇ ಬಾಗಿಲು ನೋಡಿಕೊಂಡಿದ್ದರೆ ಯಾರಿಗಾದರೂ ಓದು ಬರುತ್ತದೆ.

ಕೈ ತೊಳೆದು, ಒಂದು ಹಾಳೆಯ ಮೇಲೆ ಬರೆದಳು: 'ಹಿಂದಿನ ಕಕ್ಕಸಿನಲ್ಲಿ ಬಾವಲಿ ಇದೆ. ಕಿವಿ ಉದ್ದ ಇರಬಹುದು.' ಅದನ್ನು ಪತ್ರ ತೆಗೆದುಕೊಳ್ಳುವ ಕಿಟಕಿಯಲ್ಲಿ ಕೊಟ್ಟಳು. ಅಲ್ಲಿ ಕೂತಿದ್ದಾತ ಏನೆಂದು ಓದದೆ ಮೊಹರು ಒತ್ತಿ ನಂಬರು ಹಾಕಿದ. ಆಮೇಲೆ ಅವಳು ಗುಮಾಸ್ತನ ಕಪಾಟಿನ ಬುಡದಿಂದ ಆರು ನೋಟಿಸು ತೆಗೆದುಕೊಂಡಳು. ಇನ್ನೂರು ಅಚ್ಚು ಹಾಕಿಸಿ ಒಂದನ್ನೇ ಬಳಸಿದ್ದರು. ಆರು ಬಾಗಿಲಿಗೆ ಆರು ಅಂಟಿಸಿ, ಬೀಗ ಜಡಿದು, ಬೀಗದ ಕೈಯನ್ನು ಆ ಕಿಟಕಿಯಲ್ಲೇ ಕೊಟ್ಟು, ಅದಕ್ಕೂ ಒಂದು ನಂಬರು ಹಾಕಿಸಿದಳು.

ಹತ್ತು ನಿಮಿಷಕ್ಕೆ ಗುಮಾಸ್ತ ಕೂಗುತ್ತ ಬಂದ. "ಯಾರೇ ಅಂಟಿಸಿದ್ದು? ತಲೆ ಕೆಟ್ಟಿದೆಯಾ ನಿನಗೆ? ತೆಗಿ!"

"ತೆಗಿಯಲ್ಲ ಸಾರ್."

"ಏನಂದೆ?"

"ತೆಗಿಯಲ್ಲ. ಮೂರು ವರ್ಷ ಸಜೆ. ನೀವೇ ಓದಿ ಹೇಳಿದ್ರಿ. ಕೆಳಗೆ ಸಾಹೇಬ್ರ ಸಹಿ ಇದೆ."

ಹದಿನಾಲ್ಕು ವರ್ಷದಲ್ಲಿ ಆ ಕಚೇರಿಯಲ್ಲಿ ಅವಳು 'ಇಲ್ಲ' ಅಂದದ್ದು ಅದೇ ಮೊದಲು. ಅಂದ ಮೇಲೆ ಗೋಡೆಗೆ ಒರಗಿ ನಿಂತುಕೊಂಡಳು. ಗುಮಾಸ್ತ ನೋಟಿಸಿಗೆ ಕೈಹಾಕಿದ. ಅಷ್ಟರಲ್ಲಿ ಕಿಟಕಿಯವನು, "ನಂಬರು ಬಿದ್ದಿದೆ ಸಾರ್" ಎಂದ. ಗುಮಾಸ್ತನ ಕೈ ತಾನಾಗಿ ಕೆಳಗಿಳಿಯಿತು. ಬಾವಲಿಯನ್ನು ಓಡಿಸಬಹುದು. ನಂಬರು ಬಿದ್ದ ಕಾಗದವನ್ನು ಓಡಿಸಲು ಯಾವ ಕಚೇರಿಯಲ್ಲೂ ಪೊರಕೆ ಇಲ್ಲ.

ಅವಳನ್ನು ಅಂದೇ ಕೆಲಸದಿಂದ ತೆಗೆದರು. ಪೊರಕೆ ಕಚೇರಿಯದು, ಬಕೆಟ್ಟು ಕಚೇರಿಯದು. ಅವಳು ಕೈಬೀಸಿಕೊಂಡು ಮನೆಗೆ ಹೋದಳು. ಮುಂದಿನದನ್ನು ಕಿಟಕಿಯವನೇ ಆಮೇಲೆ ಅವಳಿಗೆ ಹೇಳಿದ್ದು, ಹೇಳುವಾಗ ನಗು ತಡೆಯಲಾರದೆ ಎರಡು ಸಲ ನಿಲ್ಲಿಸಿದ್ದ.

ಮೊದಲನೇ ದಿನ ಸಿಬ್ಬಂದಿಯೆಲ್ಲ ಒಬ್ಬೊಬ್ಬರಾಗಿ ಪೆಟ್ರೋಲ್ ಬಂಕಿಗೆ ಹೋಗಿ ಬಂದರು. ಎರಡನೇ ದಿನ ಬಂಕಿನವನು ಬೀಗ ಹಾಕಿದ. ಸಾಹೇಬರಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಹೋಗದಿದ್ದರೆ ಆಗದು. ಜೀಪಿನಲ್ಲಿ ಮನೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಡ್ರೈವರು ಕೊನೆಗೆ ಇಂಜಿನ್ನು ಆರಿಸುವುದನ್ನೇ ಬಿಟ್ಟ. ಮೂರನೇ ದಿನ ಧಣಿ ಬಂದ. ಹೊಸ ಬಂಗಲೆಗಳ ಕಾಗದಕ್ಕೆ ಸಹಿಯಾಗಬೇಕಿತ್ತು. ಮೂರು ಲೋಟ ಹಣ್ಣಿನ ರಸ ಕುಡಿದು, ಭೂಮಿಯ ಒಡೆಯನ ಹಕ್ಕಿನ ಬಗ್ಗೆ ಅರ್ಧ ಗಂಟೆ ಮಾತಾಡಿ, ಎದ್ದು ಹಿಂದುಗಡೆ ಹೋದ. ಆರು ಬಾಗಿಲಿನಲ್ಲಿ ಆರು ನೋಟಿಸು. ಕಾಂಪೌಂಡಿನ ಮೂಲೆಗೆ ಓಡಿದ. ಅಲ್ಲಿ ಕಾವಲುಗಾರ ಸೀಟಿ ಊದಿದ. "ಇಲ್ಲಿ ಮಾಡಂಗಿಲ್ಲ ಸ್ವಾಮೀ!" ಧಣಿ ಯಾರೆಂದು ಆತನಿಗೆ ಗೊತ್ತಿರಲಿಲ್ಲ. ಹಿಂಬದಿಯಿಂದ ಎಲ್ಲರೂ ಒಂದೇ ಥರ ಕಾಣುತ್ತಾರೆ.

ಗೂಬೆಯನ್ನು ಬಂದು ನೋಡಿ ಎಂದು ತಜ್ಞರಿಗೆ ಬರೆದ ಕಾಗದ ಐದು ವಾರದಿಂದ ಗುಮಾಸ್ತನ ಮೇಜಿನಲ್ಲೇ ಮಲಗಿತ್ತು. ಬಾವಲಿಯನ್ನು ನೋಡಿ ಎಂದು ಸಾಹೇಬರು ಒಂದೇ ದಿನ ನಾಲ್ಕು ಸಲ ಫೋನು ಮಾಡಿದರು. ನಾಲ್ಕನೇ ದಿನ ತಜ್ಞೆ ಬಂದಿಳಿದಳು. ಸಣಕಲು ಹೆಂಗಸು, ಮಂಡಿಯವರೆಗೆ ಕೆಸರು, ಕೊರಳಲ್ಲಿ ದುರ್ಬೀನು. ಎಲ್ಲರೂ 'ಹಕ್ಕಿ ಮೇಡಂ' ಎನ್ನುತ್ತಿದ್ದರು. ಗವಾಕ್ಷಿಗೆ ಟಾರ್ಚು ಬಿಟ್ಟು ಒಂದು ನಿಮಿಷ ನೋಡಿ, "ಸಾಧಾರಣ ಬಾವಲಿ. ಊರಲ್ಲೆಲ್ಲ ಇದೆ" ಎಂದಳು. ಅವಳ ಮಾತು ಮುಗಿಯುವಷ್ಟರಲ್ಲಿ ಆರು ಬಾಗಿಲೂ ಒಳಗಿನಿಂದ ಹಾಕಿಕೊಂಡಿದ್ದವು. ಅವಳು ಹೊರಗೆ ನಿಂತು ಖಾಲಿ ಕಾರಿಡಾರಿಗೆ ಕೇಳಿದಳು: "ಇಲ್ಲೆಲ್ಲೋ ತುಕ್ಕುಗೂಬೆ ಇದೆಯಂತಲ್ಲ, ಅದೆಲ್ಲಿ?"

ಕಿಟಕಿಯವನು ವಿಳಾಸ ಕೊಟ್ಟ.

ಹಕ್ಕಿ ಮೇಡಂ ಸಾಲುಮನೆಗೆ ಬಂದಳು. ಹಿಂದೆಯೇ ಜೀಪಿನಲ್ಲಿ ಸಾಹೇಬರು, ಗುಮಾಸ್ತ. ಅದರ ಹಿಂದೆ ಧಣಿಯ ಕಾರು. ಮೂವರೂ ಎಂದಿನಂತೆ ಸೀದಾ ಅಂಗಳಕ್ಕೆ ನುಗ್ಗಿದರು. ಹಕ್ಕಿ ಮೇಡಂ ಮಾತ್ರ ಹೊಸ್ತಿಲ ಹೊರಗೆ ನಿಂತು, "ಒಳಗೆ ಬರಬಹುದಾ ಅಮ್ಮಾ?" ಎಂದು ಕೇಳಿದಳು. ಅತ್ತೆ ಮಂಚದ ಮೇಲಿಂದ ಸೊಸೆಯ ಮುಖ ನೋಡಿದಳು. ಹೀಗೆ ಕೇಳಿದವರನ್ನು ಅವರಿಬ್ಬರೂ ಕಂಡಿರಲಿಲ್ಲ.

ಹಕ್ಕಿ ಮೇಡಂ ಗೂಬೆ ನೋಡಿ ಹೊರಗೆ ಬಂದು ಹಣೆ ಗಂಟು ಹಾಕಿದಳು. "ಇದು ಹಳೇ ಮರದ ಪೊಟರೆಯಲ್ಲಿ ಗೂಡು ಮಾಡೋ ಹಕ್ಕಿ. ಕಕ್ಕಸಿಗೆ ಯಾಕೆ ಬಂತು? ಹತ್ತಿರದಲ್ಲಿ ಮರಗಳಿದ್ವಾ?"

ಫಿನಾಯಿಲಮ್ಮ ಬೇಲಿಯಾಚೆ ಬೆರಳು ತೋರಿಸಿದಳು. ಹಕ್ಕಿ ಮೇಡಂ ಆ ಕಡೆ ಹೆಜ್ಜೆ ಇಟ್ಟಳು.

"ನಿಲ್ಲಿ" ಎಂದ ಧಣಿ. "ಅದು ನನ್ನ ಖಾಸಗಿ ಜಮೀನು. ನನ್ನ ಒಪ್ಪಿಗೆ ಇಲ್ಲದೆ ಸರ್ಕಾರ ಬಂದರೂ ಕಾಲಿಡೋ ಹಾಗಿಲ್ಲ. ಅದು ಕಾನೂನು."

"ಹೌದು ಮೇಡಂ, ಕಾನೂನು" ಎಂದರು ಸಾಹೇಬರು.

ಆಗ ಫಿನಾಯಿಲಮ್ಮನಿಗೆ ಸಿಟ್ಟು ಬಂತು. ಅದು ಅವತ್ತಿನ ಸಿಟ್ಟಲ್ಲ. ಅವಳು ಮೂಲೆಯಿಂದ ತನ್ನ ಸ್ವಂತದ ಪೊರಕೆ ತೆಗೆದುಕೊಂಡು ಅಂಗಳದ ನಡುವೆ ಬಂದು ನಿಂತಳು.

"ಹಾಗಾದ್ರೆ ಇಳೀರಿ."

"ಏನು?" ಎಂದ ಧಣಿ.

"ಇದು ನಮ್ಮ ಖಾಸಗಿ ಅಂಗಳ. ನಮ್ಮ ಒಪ್ಪಿಗೆ ಕೇಳಿದ್ರಾ? ಅಡಿಗೆಮನೆ ಮೇಲೆ ಟೇಪು ಹಾಕಿದ್ರಿ, ಕೇಳಿದ್ರಾ? ಅತ್ತೆ ಮಂಚದ ಮೇಲೆ ಹಾಕಿದ್ರಿ, ಕೇಳಿದ್ರಾ? ಬೋರ್ಡು ನೆಟ್ರಿ, ಕೇಳಿದ್ರಾ? ಎಪ್ಪತ್ತೆರಡು ವರ್ಷದ ಮುದುಕಿ ಹೇಲಿನ ಮೇಲೆ ಬಿದ್ಲು. ನಿಮ್ಮ ಬೇಲಿಗೆ ಬಂದಾಗ ಟೇಪು ನಿಂತು ಹೋಯ್ತು, ನಮ್ಮ ಮನೆಗೆ ಬಂದಾಗ ನಿಲ್ಲಲಿಲ್ಲ. ಗೂಬೆ ಇರ್ಲಿ. ಅದು ಮನೆ ಕಳ್ಕೊಂಡು ಬಂದಿದೆ. ನೀವು ಇಳೀರಿ."

"ನೋಡಮ್ಮ ಫಿನಾಯಿಲು..." ಎಂದು ಸಾಹೇಬರು ಶುರು ಮಾಡಿದರು.

ಪೊರಕೆ ಅವರ ಶೂಗಳ ಹತ್ತಿರ ನೆಲ ಗುಡಿಸಿತು. ಒಂದು ಸಲ. ಎರಡನೇ ಸಲ ಇನ್ನೂ ಹತ್ತಿರ. "ಕಾಲೆತ್ತಿ ಸಾರ್" ಎಂದಳು. ಸಾಹೇಬರು ಕಾಲೆತ್ತಿ ಹಿಂದಿಟ್ಟರು. ಇನ್ನೊಂದು ಕಾಲನ್ನೂ. ಹಾಗೆಯೇ ಮೂವರನ್ನೂ ಕಸದ ಹಾಗೆ ಗುಡಿಸಿಕೊಂಡು ಹೋಗಿ ರಸ್ತೆಗೆ ಬಿಟ್ಟಳು. ಅತ್ತೆ ಮೂವತ್ತು ಮೀಟರಿನ ಒಳಗೇ ಕೂತು ಮನಸಾರೆ ಕೆಮ್ಮಿದಳು.

ಹಕ್ಕಿ ಮೇಡಂ ನಗು ನುಂಗಿಕೊಂಡು, "ಅಮ್ಮಾ, ನಿಮ್ಮ ಮನೆ ಮಾಡು ಹತ್ತಬಹುದಾ?" ಎಂದಳು.

"ಹತ್ತಿ ತಾಯಿ. ನಮ್ಮದೇ ಮಾಡು."

ಏಣಿ ಇಟ್ಟರು. ಹಕ್ಕಿ ಮೇಡಂ ಹತ್ತಿ ಬೇಲಿಯಾಚೆ ದುರ್ಬೀನು ತಿರುಗಿಸಿದಳು. ಬುಡಗಳ ಮೇಲೆ ಹಾಸಿದ ಹುಲ್ಲಿಗೆ ಬೇರಿಳಿದಿರಲಿಲ್ಲ. ಹಸಿರಿನ ನಡುವೆ ದುಂಡು ದುಂಡಾಗಿ ಒಣಗಿ ಹಳದಿಯಾಗಿತ್ತು. ಒಂದೊಂದು ದುಂಡೂ ಬಂಡಿಯ ಗಾಲಿಯಷ್ಟು. ಅವಳು ಎಣಿಸಿ ಎಣಿಸಿ ಬರೆದುಕೊಂಡಳು, ಫೋಟೋ ತೆಗೆದಳು.

"ನೂರ ಮೂವತ್ತೆಂಟು" ಎಂದಳು.

"ನೂರ ನಲವತ್ತು ಮೇಡಂ" ಎಂದಳು ಕೆಳಗಿನಿಂದ ಫಿನಾಯಿಲಮ್ಮ. "ಎರಡು ಆ ಹೊಸ ಬಂಗಲೆ ಪಾಯದ ಕೆಳಗಿದಾವೆ."

ಆ ಲೆಕ್ಕ ಈಗ ಕೋರ್ಟಿನಲ್ಲಿದೆ. ಧಣಿ ತನ್ನ ಜಾಗದ ಫೋಟೋವನ್ನು ತನ್ನ ಒಪ್ಪಿಗೆ ಇಲ್ಲದೆ ತೆಗೆದರೆಂದು ಎದುರು ಅರ್ಜಿ ಹಾಕಿದ್ದಾನೆ. ವಕೀಲರು ಮಾತಾಡುತ್ತಲೇ ಇದ್ದಾರೆ. ಅವನಿಗೆ ಶಿಕ್ಷೆಯಾಯಿತೆಂದು ಹೇಳುವ ಆಸೆ ಎಲ್ಲರಿಗೂ ಇದೆ, ಆದರೆ ಆಗಿಲ್ಲ. ಬಂಗಲೆಗಳ ಕೆಲಸ ನಿಂತಿದೆ, ಅಷ್ಟೇ. ಕಕ್ಕಸಿನ ವಿಷಯ ಮಾತ್ರ ಹಕ್ಕಿ ಮೇಡಂ ಅಂದೇ ಬರೆದುಕೊಟ್ಟಳು. ಸುತ್ತಿಗೆಗೂ ಹೆದರದ ಈ ಹಕ್ಕಿ ಒಬ್ಬ ಮುದುಕಿಗೆ ಹೆದರುವುದಿಲ್ಲ, ಹೆದರಿಕೆ ಇರುವುದು ಜೀಪುಗಳದೇ. ಮನೆಯವರು ಎಂದಿನಂತೆ ಬಳಸಲಿ, ಕಚೇರಿಯವರು ಮೂವತ್ತು ಮೀಟರು ದೂರ ಇರಲಿ. ಅವಳು ಹೋಗುವ ಮುಂಚೆ ಹಲಗೆಯ ಕೆಳಗೆ ಒಂದು ತಗಡು ಹೊಡೆಸಿಕೊಟ್ಟಳು, ಅತ್ತೆಯ ತಲೆ ಮೇಲೆ ಏನೂ ಬೀಳದಿರಲೆಂದು.

ಅತ್ತೆ ಕುಂಟುತ್ತ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಸಾಲುಮನೆಯ ಹೆಂಗಸರು ಉಸಿರು ಹಿಡಿದು ನಿಂತಿದ್ದರು. ಬಹಳ ಹೊತ್ತಾಯಿತು. ಒಳಗಿನಿಂದ ಅತ್ತೆಯ ದನಿ ಕೇಳಿಸಿತು: "ಏನೇ ಹಾಗೆ ನೋಡ್ತೀಯಾ? ನೀನು ಮೊಟ್ಟೆ ಇಡ್ವಾಗ ನಾನು ನೋಡಿದ್ನಾ? ಆ ಕಡೆ ತಿರುಗು."

ತಿರುಗಿತಂತೆ. ಕುತ್ತಿಗೆ ಮಾತ್ರ.

ಹನ್ನೊಂದನೇ ದಿನ ಕಂಟ್ರಾಕ್ಟರು ಫಿನಾಯಿಲಮ್ಮನ ಬಾಗಿಲಿಗೆ ಬಂದ. ಬೇರೆ ಯಾರೂ ಸಿಗಲಿಲ್ಲವಂತೆ. ಇಬ್ಬರು ಬಂದು, ಬಾಗಿಲು ತೆರೆದು ನೋಡಿ, ಬಂದ ದಾರಿಯಲ್ಲೇ ಹೋದರಂತೆ. ಈಗ ಪತ್ರ ಕೊಡುವ ಕಿಟಕಿಯ ತನಕ ವಾಸನೆ ಬಂದಿದೆ, ಸಾಹೇಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಹಿ ಮಾಡುತ್ತಿದ್ದಾರೆ.

"ಬರ್ತೀನಿ" ಎಂದಳು ಅವಳು. "ತೊಳೆಯೋರು ಕೂರಬಹುದು ಅಂತ ಬರೆದು ಕೊಡ್ಲಿ. ನಂಬರು ಹಾಕಿ."

ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಕಾಗದ ಬಂತು, ನಂಬರಿನ ಸಮೇತ.

ಅವಳು ಹೋಗಿ ಐದು ಕಕ್ಕಸು ತೊಳೆದಳು. ಅದು ಹೇಳುವಂಥ ಕೆಲಸವಲ್ಲ, ಮಧ್ಯಾಹ್ನವಾಯಿತು. ಆರನೆಯದು ಸಾಹೇಬರದು. ಅದನ್ನೂ ತಿಕ್ಕಿ, ನೀರು ಸುರಿದು, ಒಣಬಟ್ಟೆಯಿಂದ ಒರೆಸಿದಳು. ಕೈ ತೊಳೆದುಕೊಂಡಳು. ಆಮೇಲೆ ಬಾಗಿಲು ಹಾಕಿ, ಚಿಲಕ ಎಳೆದು, ಕೂತಳು.

ಹೊರಗೆ ಅವಸರದ ಶೂ ಸದ್ದು. ಬಾಗಿಲು ತಟ್ಟಿದರು.

"ಯಾರಯ್ಯ ಒಳಗೆ? ಬೇಗ!"

"ನಾನು ಸಾರ್" ಎಂದಳು ಅವಳು. "ಈಗ ತಾನೇ ಕೂತೆ."

ಶೂಗಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡತೊಡಗಿದವು. ಅವಳು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಇನ್ನೂ ಸ್ವಲ್ಪ ಹೊತ್ತು ಕೂತಳು.